ಹಳೇ ಸ್ಟೇಡಿಯಂ ಹಿಸ್ಟರಿ ಕೆದಕೋದು ಹೇಗೆ: ಸೈಕಲ್ ಟ್ರ್ಯಾಕ್ ಫುಟ್‌ಬಾಲ್ ಮೈದಾನ ಆದ ಕಥೆ ಇಟ್ಕೊಂಡು

ಮೊದಲು ಆ ಜಾಗಕ್ಕೆ ಎಷ್ಟು ಹೆಸರಿತ್ತು ಅಂತ ಪತ್ತೆ ಹಚ್ಚಿ, ಒಂದೇ ಹೆಸರು ಹಾಕಿ ಹುಡುಕಿದ್ರೆ ಅರ್ಧ ಕಥೆ ಸಿಗೋದೇ ಇಲ್ಲ. ಅಥೆನ್ಸ್ ಪಕ್ಕ ಪಿರೇಯಸ್‌ನಲ್ಲಿ ಒಲಿಂಪಿಯಾಕೋಸ್ ಫುಟ್‌ಬಾಲ್ ಟೀಮ್ ಆಡೋ ಕರಾಯ್ಸ್‌ಕಾಕಿಸ್ ಸ್ಟೇಡಿಯಂ ಇದ್ಯಲ್ಲ, ಆ ಹೆಸರಲ್ಲಿ ಹುಡುಕಿದ್ರೆ ಬರೀ ಫುಟ್‌ಬಾಲ್ ಬರುತ್ತೆ. ಅದೇ ಜಾಗದ ಹಳೇ ಹೆಸರು ನಿಯೋ ಫಾಲಿರೋ ವೆಲೋಡ್ರೋಮ್ (ವೆಲೋಡ್ರೋಮ್ ಅಂದ್ರೆ ಸೈಕಲ್ ರೇಸ್ ಟ್ರ್ಯಾಕ್) ಅಂತ ಹುಡುಕಿ ನೋಡಿ, 1896ರ ಒಲಿಂಪಿಕ್ಸ್‌ನ ಟ್ರ್ಯಾಕ್ ಸೈಕಲ್ ರೇಸ್‌ಗಳು ನಡೆದಿದ್ದು ಅಲ್ಲೇ.

ಅಂಕಿ ಸಿಕ್ಕಿದ ತಕ್ಷಣ ಬರ್ಕೋಬೇಡಿ, ಲೆಕ್ಕ ಹಾಕಿ. ನಂಗೆ ತುಂಬಾ ಇಷ್ಟ ಆಗೋ ಕೆಲಸ ಇದೇ. ಅಲ್ಲಿ 100 ಕಿಲೋಮೀಟರ್ ರೇಸ್ ಅಂದ್ರೆ 300 ಸುತ್ತು, ಅಂದ್ರೆ ಟ್ರ್ಯಾಕ್ ಸುಮಾರು 333 ಮೀಟರ್. ಈಗ 12 ಗಂಟೆ ರೇಸ್ ತಗೊಳ್ಳಿ, ಗೆದ್ದ ಆಸ್ಟ್ರಿಯಾದ ಅಡಾಲ್ಫ್ ಶ್ಮಾಲ್ 314.997 ಕಿಲೋಮೀಟರ್, ಎರಡನೇ ಬಂದ ಬ್ರಿಟನ್ನಿನ ಕೀಪಿಂಗ್ 314.664, ಕಳೆದ್ರೆ ಸರಿಯಾಗಿ ಒಂದೇ ಸುತ್ತು! ಅಷ್ಟು ಹೊತ್ತು ತುಳಿದು ಒಂದು ಸುತ್ತಲ್ಲಿ ಸೋಲೋದು ಅಂದ್ರೆ ಹೆಂಗಿರ್ಬೇಕು.

ತಾರೀಖಲ್ಲೂ ಹುಷಾರು, ಆಗ ಗ್ರೀಸ್‌ನಲ್ಲಿ ಜೂಲಿಯನ್ ಅನ್ನೋ ಹಳೇ ಕ್ಯಾಲೆಂಡರ್ ಇತ್ತು, ನಮ್ಮದಕ್ಕಿಂತ 12 ದಿನ ಹಿಂದೆ. ನಮ್ಮ ಲೆಕ್ಕದ ಏಪ್ರಿಲ್ 8 ಅವರ ಪೇಪರಲ್ಲಿ ಮಾರ್ಚ್ 27. ಆ ದಿನದ 100 ಕಿಲೋಮೀಟರ್ ರೇಸಲ್ಲಿ ಗ್ರೀಸ್‌ನ ಕೊಲೆಟ್ಟಿಸ್ ಸೈಕಲ್ ಕೆಟ್ಟಾಗ ಫ್ರಾನ್ಸ್‌ನ ಫ್ಲಮೆಂಗ್ ನಿಂತು ಕಾದು ಆಮೇಲೂ ಗೆದ್ದ, ಇಂಥದ್ದು ಸಿಕ್ಕಿದ್ರೆ ಬಿಡಬೇಡಿ, ಬರೀ ರಿಸಲ್ಟ್ ಪಟ್ಟಿ ನೋಡಿದ್ರೆ ಇದು ಗೊತ್ತಾಗಲ್ಲ.

ಇನ್ನು ಸೈಕಲ್ ಹೋಗಿ ಫುಟ್‌ಬಾಲ್ ಹೆಂಗೆ ಬಂತು ಅನ್ನೋದಕ್ಕೆ ಮೈದಾನದ ಆಕಾರ ನೋಡಿ. ಟ್ರ್ಯಾಕ್ ಒಳಗಡೆ ಅಷ್ಟು ಜಾಗ ಖಾಲಿ ಇರುತ್ತಲ್ಲ, ಚೆಂಡಾಟಕ್ಕೆ ಹೇಳಿ ಮಾಡಿಸಿದ ಹಾಗೆ. ಕಟ್ಟಡ ಯಾವಾಗ್ಯಾವಾಗ ಬದಲಾಯ್ತು ಅಂತ ಬೇರೆ ಬರ್ಕೊಳ್ಳಿ: ಇಲ್ಲಿ 1964ರಲ್ಲಿ ಹೊಸ ರೂಪ ಕೊಟ್ರು, 2003ರಲ್ಲಿ ಕೆಡವಿದ್ರು, 2004ರ ಒಲಿಂಪಿಕ್ಸ್ ಹೊತ್ತಿಗೆ ಈಗಿರೋದು ಎದ್ದು ನಿಲ್ತು.

ಸತ್ತವರನ್ನ ಮಾತ್ರ ಮರೀಬೇಡಿ. 1981ರ ಫೆಬ್ರವರಿ 8ಕ್ಕೆ ಮ್ಯಾಚ್ ಮುಗಿದು ಜನ ಹೊರಗೆ ಬರೋವಾಗ 7ನೇ ಗೇಟಿನ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 21 ಜನ ಹೋದ್ರು. ಹಳೇ ಕಟ್ಟಡ ಈಗಿಲ್ಲ, ಆದ್ರೆ ಪ್ರತಿ ವರ್ಷ ಆ ದಿನ ಜನ ಅಲ್ಲಿ ಸೇರ್ತಾರೆ, ಆ ಗೇಟಿನ ನಂಬರೂ ನಿಮ್ಮ ಬರಹದಲ್ಲಿ ಇರ್ಲಿ.