ಕ್ಯಾಪ್ಟನ್ ಪಾರ್ಟಿಗೆ ಹೋಗಿ, ಆದರೆ ಕ್ಯಾಪ್ಟನ್ ಹತ್ತಿರ ನಿಲ್ಲಬೇಡಿ

ದಾವಣಗೆರೆಯಿಂದ ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಜನ ಕರೆದುಕೊಂಡು ಹೋಗುವವರು ಬೆರಳೆಣಿಕೆಯಷ್ಟು. ಎಲ್ಲರಿಗೂ ಎಲ್ಲರ ಪರಿಚಯ ಇದೆ. ಅವರಲ್ಲಿ ಹೆಚ್ಚಿನವರು, ಹಡಗಿನ ಅಧಿಕಾರಿಗಳು ಪ್ರಯಾಣಿಕರನ್ನು ಸ್ವಾಗತಿಸುವ ಕ್ಯಾಪ್ಟನ್ ವೆಲ್‌ಕಮ್ ಪಾರ್ಟಿಯನ್ನು ಲೆಕ್ಕಕ್ಕೇ ಇಟ್ಟಿಲ್ಲ. "ನಮ್ಮ ಜನ ಕುಡಿಯಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲಿ ಹೋಗಿ ಏನ್ ಮಾಡ್ತಾರೆ ಬಿಡ್ರೀ" ಅಂತಾರೆ. ನಾನು ಬಿಡಲಿಲ್ಲ. ಈಗ ಏಳು ರಾತ್ರಿಯ ಪ್ರವಾಸ ಅಂದರೆ ನನ್ನ ಗುಂಪಿಗೆ ಮೂರನೇ ದಿನದಿಂದ ಬಿಸಿ ಚಪಾತಿ, ದಾಲ್, ಮೊಸರನ್ನ ಟೇಬಲ್‌ಗೇ ಬರುತ್ತದೆ. ಜಾಸ್ತಿ ಒಂದು ಡಾಲರ್ ಕೂಡ ಕೊಡಬೇಕಿಲ್ಲ. ಆ ಪಾರ್ಟಿಯಲ್ಲಿ ಕಳೆದ ಮುಕ್ಕಾಲು ಗಂಟೆಯಿಂದಲೇ ಇದು ಆಗಿದ್ದು.

ನನ್ನ ಗಿರಾಕಿಗಳು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮೂರ ವಿದ್ಯಾನಗರದ ನಿವೃತ್ತ ಮೇಷ್ಟ್ರುಗಳು, ಎಂಸಿಸಿ ಬಿ ಬ್ಲಾಕಿನ ಬ್ಯಾಂಕಿನವರು, ಮಂಡಿಪೇಟೆಯ ಅಂಗಡಿ ಯಜಮಾನರು, ಒಂದೆರಡು ಜೈನ ಕುಟುಂಬ. ಮೊಟ್ಟೆ ಕೂಡ ಮುಟ್ಟದವರೇ ಮುಕ್ಕಾಲು ಪಾಲು. ಸಮುದ್ರ ನೋಡಿ ಮೊದಲ ದಿನ ಖುಷಿಯಾಗಿರುತ್ತಾರೆ. ಎರಡನೇ ದಿನ ಮಧ್ಯಾಹ್ನಕ್ಕೆ "ಅನ್ನ ಸಾರು ಸಿಗಲ್ವೇನಪ್ಪಾ" ಶುರು.

ಇದಕ್ಕೆ ನಾನು ಮಾಡದ ಪ್ರಯೋಗ ಇಲ್ಲ. ಬುಕಿಂಗ್ ಫಾರ್ಮ್‌ನಲ್ಲಿ ವೆಜಿಟೇರಿಯನ್ ಅಂತ ಟಿಕ್ ಹಾಕಿದರೆ ಬರುವುದು ಪಾಸ್ತಾ, ಬೇಯಿಸಿದ ತರಕಾರಿ, ಸೊಪ್ಪಿನ ಸಲಾಡ್. ಎರಡು ದಿನಕ್ಕೇ ಬಾಯಿ ಸಪ್ಪೆ. ಕರೆಂಟ್ ಕುಕ್ಕರ್ ಒಯ್ದರೆ ಸ್ಕ್ಯಾನಿಂಗ್‌ನಲ್ಲೇ ಹಿಡಿದು, ಇಳಿಯುವ ದಿನ ವಾಪಸ್ ಕೊಡುತ್ತಾರೆ. ಮನೆಯಲ್ಲಿ ಮಾಡಿದ ಚಟ್ನಿಪುಡಿ, ರೊಟ್ಟಿ ಹತ್ತಿಸಲು ಬಿಡುವುದಿಲ್ಲ. ಸೀಲ್ ಆದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಹಣ ಕೊಟ್ಟು ಊಟ ಮಾಡುವ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋದೆ. ತಲೆಗೆ ಇಪ್ಪತ್ತೈದು ಮೂವತ್ತು ಡಾಲರ್. ಒಂದು ಪ್ರವಾಸದಲ್ಲಿ ಹೀಗೆ ಎಪ್ಪತ್ತು ಎಂಬತ್ತು ಸಾವಿರ ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು. ಆ ಪ್ರವಾಸದ ಲಾಭ ಅಷ್ಟೇ ಇದ್ದಿದ್ದು.

ಆಮೇಲೆ ಪಾರ್ಟಿಯ ಕಡೆ ತಿರುಗಿದೆ. ಸಾಮಾನ್ಯವಾಗಿ ಎರಡನೇ ರಾತ್ರಿ ಅಥವಾ ಮೊದಲ ಸೀ ಡೇ (ಬಂದರಿಗೆ ಹೋಗದೆ ಸಮುದ್ರದಲ್ಲೇ ಇರುವ ದಿನ) ಸಂಜೆ, ಎಲ್ಲರೂ ಫಾರ್ಮಲ್ ಆಗಿ ಉಟ್ಟು ಬರುವ ಗಾಲಾ ನೈಟ್ ಇರುವ ದಿನ ಇಡುತ್ತಾರೆ. ಊಟ ಎರಡು ಪಂಕ್ತಿ ಇರುವ ಹಡಗಿನಲ್ಲಿ ಪಾರ್ಟಿಯೂ ಎರಡು ಸಲ, ಒಂದೊಂದು ಪಂಕ್ತಿಗೆ ಮುಂಚೆ. ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಒಂದೇ ಕಡೆ, ಕೈಗೆ ಸಿಗುವ ಹಾಗೆ ನಿಲ್ಲುವುದು ಆಗ ಮಾತ್ರ. ಮಿಕ್ಕ ದಿನ ಅವರನ್ನು ಹುಡುಕಬೇಕು ಅಂದರೆ ರಿಸೆಪ್ಷನ್ ಕ್ಯೂನಲ್ಲಿ ನಿಂತು ಚೀಟಿ ಬರೆದುಕೊಟ್ಟು ಕಾಯಬೇಕು.

ಮೊದಮೊದಲು ಏನೂ ಗಿಟ್ಟಲಿಲ್ಲ. ಮೂವತ್ತರ ಆಸುಪಾಸು ಜನ ಒಟ್ಟಿಗೇ ನುಗ್ಗಿದೆವು. ಎಲ್ಲರೂ ಕ್ಯಾಪ್ಟನ್ ಜೊತೆ ಫೋಟೊಗೆ ಸಾಲು ನಿಂತರು. ನಮ್ಮ ಸರದಿ ಬರುವ ಹೊತ್ತಿಗೆ ಭಾಷಣ, ಅಧಿಕಾರಿಗಳ ಪರಿಚಯ, ಗ್ಲಾಸ್ ಎತ್ತುವುದು ಎಲ್ಲಾ ಮುಗಿದು ದೀಪ ಆರಿಸಲು ಶುರು. ಕೈಗೆ ಬಂದಿದ್ದು ಮರುದಿನ ಗ್ಯಾಲರಿಯಲ್ಲಿ ನೇತಾಡಿದ ಫೋಟೊ. ಒಂದು ಪ್ರಿಂಟ್‌ಗೆ ಇಪ್ಪತ್ತು ಇಪ್ಪತ್ತೈದು ಡಾಲರ್. ಅರ್ಧಕ್ಕರ್ಧ ಜನ ತೆಗೆದುಕೊಂಡರು, ಬೇಡ ಅನ್ನೋಕಾಗುತ್ತಾ?

ಮುಂದಿನ ಸಲ ಗ್ಲಾಸಿನ ಗಲಾಟೆ. ವೇಟರ್ ಹಿಡಿದ ತಟ್ಟೆಯಲ್ಲಿ ಉದ್ದನೆಯ ತೆಳು ಗ್ಲಾಸುಗಳಲ್ಲಿ ಕಿತ್ತಳೆ ರಸ. ನಮ್ಮ ಅಜ್ಜಿಯೊಬ್ಬರು ಒಂದು ಗ್ಲಾಸ್ ತೆಗೆದುಕೊಂಡು ತುಟಿಗೆ ಹಚ್ಚಿದವರೇ, "ಇದೇನೋ ಚುರುಗುಟ್ತದಲ್ಲಪ್ಪಾ, ಹುಳಿ ಬಂದದೆ" ಅಂದರು. ಅದು ಮಿಮೋಸಾ. ಕಿತ್ತಳೆ ರಸಕ್ಕೆ ಗುಳ್ಳೆ ಏಳುವ ವೈನ್ ಬೆರೆಸಿದ್ದು. ನೋಡೋಕೆ ಜ್ಯೂಸೇ. ಗ್ಲಾಸಿನ ಒಳಗೋಡೆಗೆ ಸಣ್ಣ ಗುಳ್ಳೆ ಸಾಲಾಗಿ ಏಳುತ್ತಿದ್ದರೆ ಮುಟ್ಟಬೇಡಿ ಅಂತ ಈಗ ಊರಲ್ಲೇ ಹೇಳಿಕೊಟ್ಟಿರುತ್ತೇನೆ. ತಟ್ಟೆಯಿಂದ ಎತ್ತಿಕೊಳ್ಳದೆ ಬಾರ್‌ನವನನ್ನು ಕೇಳಿದರೆ ಬರೀ ಜ್ಯೂಸ್ ಕೊಡುತ್ತಾನೆ, ಅದೂ ಪುಕ್ಕಟೆ. ಆ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಅದೇ ಬಾರ್‌ನಲ್ಲಿ ಜ್ಯೂಸ್‌ಗೆ ಬಿಲ್ ಬರುತ್ತದೆ. ಮೇಲೆ ಶೇಕಡಾ 18, 20 ಸರ್ವೀಸ್ ಬೇರೆ.

ಬಟ್ಟೆಗೂ ದುಡ್ಡು ಸುರಿದೆ. ಮದುವೆಗೆ ಬಾಡಿಗೆ ಕೊಡುವ ಅಂಗಡಿಯಿಂದ ಕೋಟು ತರಿಸಿದೆ, ಒಂದಕ್ಕೆ ಸಾವಿರ ಚಿಲ್ಲರೆ. ಅರ್ಧ ಜನಕ್ಕೆ ತೋಳು ಉದ್ದ, ಇನ್ನರ್ಧ ಜನಕ್ಕೆ ಗುಂಡಿ ಹಾಕೋಕಾಗಲ್ಲ. ಆಮೇಲೆ ಅದನ್ನೆಲ್ಲ ಬಿಟ್ಟೆ. ಫಾರ್ಮಲ್ ರಾತ್ರಿಗೆ ಆಯಾ ದೇಶದ ಸಾಂಪ್ರದಾಯಿಕ ಉಡುಪು ಸಾಮಾನ್ಯವಾಗಿ ನಡೆಯುತ್ತದೆ. ಗಂಡಸರಿಗೆ ಜರಿ ಅಂಚಿನ ಪಂಚೆ, ಬಿಳಿ ಜುಬ್ಬಾ, ಹೆಗಲಿಗೆ ಶಲ್ಯ. ಹೆಂಗಸರಿಗೆ ಇಳಕಲ್ ಅಥವಾ ಮೈಸೂರು ಸಿಲ್ಕ್. ಇದರಿಂದ ಇನ್ನೊಂದು ಲಾಭ. ಸಾವಿರಾರು ಜನರಲ್ಲಿ ಅಧಿಕಾರಿಗಳ ಕಣ್ಣು ನೇರ ನಮ್ಮ ಮೇಲೆ ಬೀಳುತ್ತದೆ, ಅವರೇ ಮಾತಾಡಿಸುತ್ತಾರೆ. ಬೆಂಕಿ ಅಪಾಯ ಅಂತ ಕ್ಯಾಬಿನ್‌ನಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಪಂಚೆ, ಸೀರೆ ಸುಕ್ಕಾಗದೆ ಅಲ್ಲಿ ಮುಟ್ಟುವ ಹಾಗೆ ಮಡಿಸುವ ಉಪಾಯ ಒಂದಿದೆ. ಅದು ನಮ್ಮನೆಯವರದು, ಕೇಳದೆ ಹೇಳುವ ಹಾಗಿಲ್ಲ.

ಈಗ ಮಾಡುವುದು ಹೀಗೆ. ಹತ್ತು ನಿಮಿಷ ಮುಂಚೆ ಹೋಗಿರುತ್ತೇವೆ. ನಾಲ್ಕೈದು ಜನದ ಸಣ್ಣ ಸಣ್ಣ ಗುಂಪು, ಒಂದೊಂದಕ್ಕೆ ಇಂಗ್ಲಿಷ್ ಅಥವಾ ಹಿಂದಿ ಬರುವ ಒಬ್ಬರು. ಕ್ಯಾಪ್ಟನ್ ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ ಇರುತ್ತದೆ, ಜನ ಎಲ್ಲ ಅಲ್ಲೇ ಮುತ್ತಿಕೊಂಡಿರುತ್ತಾರೆ. ಅತ್ತ ಹೋಗಬೇಡಿ. ಹಳೇ ಪದ್ಧತಿ ಇಟ್ಟುಕೊಂಡ ಹಡಗುಗಳಲ್ಲಿ ಎಂಜಿನಿಯರುಗಳ ಪಟ್ಟಿಗಳ ನಡುವೆ ನೇರಳೆ ಬಣ್ಣ ಇರುತ್ತದೆ, ಅವರಿಂದ ನಮಗೆ ಕೆಲಸವಿಲ್ಲ. ನಮಗೆ ಬೇಕಾದವರು ಮೂವರು. ಕ್ಯಾಬಿನ್, ಊಟ ಎಲ್ಲಕ್ಕೂ ಮೇಲಿನ ಹೋಟೆಲ್ ಡೈರೆಕ್ಟರ್, ಊಟದ ಹಾಲ್ ನೋಡಿಕೊಳ್ಳುವ ಮೈತ್ರೆ ದಿ, ಬಿಳಿ ಕೋಟಿನ ಎಕ್ಸಿಕ್ಯುಟಿವ್ ಶೆಫ್. ಮದುವೆ ಮನೆಯಲ್ಲಿ ಎಲ್ಲರೂ ಮಂಟಪದ ಹತ್ತಿರ ನಿಂತಿರುವಾಗ, ತಿಳಿದವನು ಅಡುಗೆ ಭಟ್ಟರ ಹತ್ತಿರ ಹೋಗಿ ಮಾತಾಡಿಸಿ ಬರುವುದಿಲ್ಲವೇ, ಹಾಗೆ.

ಕೈಕುಲುಕೋಕೆ ಹೋಗಬೇಡಿ. ಹೊಟ್ಟೆಯ ಸೋಂಕು ಹಡಗಿನಲ್ಲಿ ಬೇಗ ಹಬ್ಬುತ್ತದೆ ಅಂತ ಎಷ್ಟೋ ಅಧಿಕಾರಿಗಳು ಕೈ ಕೊಡುವುದೇ ಇಲ್ಲ. ನಾವು ಕೈಮುಗಿದರೆ ಅವರಿಗೂ ನಿರಾಳ. ನಮಸ್ಕಾರ ಆದ ಮೇಲೆ ಒಂದು ಸಣ್ಣ ಕಾರ್ಡ್ ಕೊಡುತ್ತೇವೆ. ಅದರಲ್ಲಿ ಕ್ಯಾಬಿನ್ ನಂಬರ್‌ಗಳು, ಟೇಬಲ್ ನಂಬರ್, ಎಷ್ಟು ಜನಕ್ಕೆ ಮೊಟ್ಟೆ ಬೇಡ, ಎಷ್ಟು ಜನಕ್ಕೆ ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಬೇಡ ಅಂತ ಇರುತ್ತದೆ. ಕಾರ್ಡಿನ ಮೊದಲ ಸಾಲಿನಲ್ಲಿ ಏನು ಬರೆದಿರುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಕಾರ್ಡ್ ಕೊಟ್ಟು ಎರಡು ಮಾತಾಡಿ ಬಂದುಬಿಡಬೇಕು, ಜಗ್ಗಬಾರದು. ಅವತ್ತೇ ಊಟದ ಹೊತ್ತಿಗೆ ಮೈತ್ರೆ ದಿ ನಮ್ಮ ಟೇಬಲ್‌ಗೆ ಬಂದು ನಾಳೆಗೆ ಏನು ಬೇಕು ಅಂತ ಬರೆದುಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ಹೇಳಿದರೆ ಮಾಡಿಕೊಡುವ ವ್ಯವಸ್ಥೆ ಎಷ್ಟೋ ಹಡಗುಗಳಲ್ಲಿ ಇದೆ. ಕೇಳಬೇಕಾದವರನ್ನು ಯಾರೂ ಕೇಳುವುದಿಲ್ಲ ಅಷ್ಟೆ. ಅಡುಗೆಮನೆಯಲ್ಲಿ ನಮ್ಮ ದೇಶದವರು ಬೇಕಾದಷ್ಟು ಜನ ಇರುತ್ತಾರೆ, ಗೋವಾದವರು, ಮಂಗಳೂರಿನವರು. ಒಮ್ಮೆ ಪಂಚೆ ನೋಡಿಯೇ ಮಂಗಳೂರು ಕಡೆಯ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡೇ ಬಂದು "ಯಾವೂರು ಸರ್?" ಅಂತ ಕೇಳಿದ. ದಾವಣಗೆರೆ ಅಂದ ತಕ್ಷಣ "ಬೆಣ್ಣೆ ದೋಸೆ!" ಅಂದ. ಆ ಪ್ರವಾಸದಲ್ಲಿ ಕೊನೇ ದಿನದವರೆಗೂ ನಮಗೆ ಉಪ್ಪಿನಕಾಯಿಗೆ ಕೊರತೆ ಆಗಲಿಲ್ಲ.

ಬೆಣ್ಣೆ ದೋಸೆಯನ್ನೇ ಹಡಗಲ್ಲಿ ಹುಯ್ಯಿಸಬೇಕು ಅಂತ ಪ್ರಯತ್ನ ಮಾಡಿದ್ದೂ ಉಂಟು. ಶೆಫ್ ಒಪ್ಪಿದರು, ಅಕ್ಕಿ ಉದ್ದು ನೆನೆಸಿದರು. ಎಸಿ ಅಡುಗೆಮನೆಯಲ್ಲಿ ಹಿಟ್ಟು ಹುಳಿಯೇ ಬರಲಿಲ್ಲ. ಬಂದಿದ್ದು ಬಿಳೀ ದಪ್ಪ ರೊಟ್ಟಿ. ಸೀಲ್ ಮಾಡಿಸಿದ ಮಂಡಕ್ಕಿ ಪ್ಯಾಕೆಟ್ ಮಾತ್ರ ಗೆದ್ದಿತು. ಸಂಜೆ ಡೆಕ್ ಮೇಲೆ ಬಫೆಯಿಂದ ಈರುಳ್ಳಿ, ಟೊಮೆಟೊ ತಂದು ಕಲಸಿದರೆ ಅಕ್ಕಪಕ್ಕದ ಆಸ್ಟ್ರೇಲಿಯಾದವರೂ ಕೈ ಹಾಕಿದರು.

ಪಾರ್ಟಿಗೆ ಹೋಗದಿದ್ದರೆ ಏನು ಲಾಭ ಅಂತಲೂ ನೋಡಿದ್ದೇನೆ. ಒಂದು ಸಲ ಅರ್ಧ ಗುಂಪನ್ನು ಪಾರ್ಟಿಗೆ, ಅರ್ಧ ಗುಂಪನ್ನು ಮೇಲಿನ ಬಫೆಗೆ ಕಳಿಸಿದೆ. ಆ ಹೊತ್ತಲ್ಲಿ ಬಫೆ, ಈಜುಕೊಳ ಎಲ್ಲ ಖಾಲಿ. ಕಿಟಕಿ ಪಕ್ಕದ ಟೇಬಲ್, ಮುಳುಗುವ ಸೂರ್ಯ. ಮಂಡಿ ನೋವಿನವರಿಗೆ, ಗದ್ದಲ ಆಗದವರಿಗೆ ಅದೇ ವಾಸಿ, ಬಲವಂತ ಮಾಡಲ್ಲ. ಕಾರ್ಡ್ ತಲುಪಿಸಲು ಆರೇಳು ಜನ ಹೋದರೂ ಸಾಕು. ಮುಂಬೈನಿಂದ ಗೋವಾಕ್ಕೆ ಎರಡು ಮೂರು ರಾತ್ರಿ ಹೋಗುವವರಿಗೆ ಇದೆಲ್ಲ ಬೇಕಿಲ್ಲ, ಅಲ್ಲಿ ನಮ್ಮ ಊಟ ಹೇಗೂ ಸಿಗುತ್ತದೆ.

ಒಂದು ಮಾತು ಮರೆತಿದ್ದೆ. ಹೊಸಬರು, ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಹೇಳಿಕೊಡುವ ಮಸ್ಟರ್ ಡ್ರಿಲ್‌ನ್ನೂ ಇದನ್ನೂ ಒಂದೇ ಅಂದುಕೊಳ್ಳುತ್ತಾರೆ. 2012ರ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದುರಂತದ ಮೇಲೆ ನಿಯಮ ಬಿಗಿಯಾಗಿದೆ. ಹಡಗು ಬಿಡುವ ಮುಂಚೆ ಅಥವಾ ಬಿಟ್ಟ ಕೂಡಲೇ ಡ್ರಿಲ್ ಆಗಲೇಬೇಕು. ಅದನ್ನು ತಪ್ಪಿಸುವ ಹಾಗಿಲ್ಲ. ಪಾರ್ಟಿ ನಿಮ್ಮಿಷ್ಟ.

ಲೆಕ್ಕಕ್ಕೆ ಬಂದರೆ, ಕಾರ್ಡ್ ಛಾಪಿಸಲು ನೂರಿನ್ನೂರು ರೂಪಾಯಿ. ಹೊರಗಿನ ಊಟಕ್ಕೆ ಹೋಗುತ್ತಿದ್ದ ಎಪ್ಪತ್ತು ಎಂಬತ್ತು ಸಾವಿರ ಉಳಿಯಿತು. ಅದರಲ್ಲಿ ಸ್ವಲ್ಪ ತೆಗೆದು ನಮಗೆ ಬಡಿಸುವ ಹುಡುಗರಿಗೆ ಕೊನೇ ರಾತ್ರಿ ಕವರ್‌ನಲ್ಲಿಟ್ಟು ಕೊಡುತ್ತೇನೆ. ಮಿಕ್ಕಿದ್ದರಲ್ಲಿ ಗಿರಾಕಿಗಳಿಗೆ ತಲೆಗೆ ಸಾವಿರ ಇಳಿಸಿದ್ದೇನೆ. "ಬಿಡ್ರೀ" ಅಂದಿದ್ದವರಲ್ಲಿ ಇಬ್ಬರು ಈಗ ಫೋನ್ ಮಾಡಿ ಆ ಮೊದಲ ಸಾಲು ಏನು ಅಂತ ಕೇಳುತ್ತಿದ್ದಾರೆ.