ಕೆರೆ ತುಂಬಿದೆ, ಈಜು ಬರಲ್ಲ: ಎಲ್ಲಿಂದ ಶುರು ಮಾಡೋದು?

ನಮ್ಮ ಕೋಲಾರದ ಕಡೆ ಅಪ್ಪಂದಿರ ಕಾಲದವರು ಬಾವಿಯಲ್ಲಿ ಈಜು ಕಲಿತರು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಮೇಲಿಂದ ತಳ್ಳಿಬಿಡುತ್ತಿದ್ದರು, ಅಷ್ಟೇ ಕೋಚಿಂಗ್. ಆಮೇಲೆ ಬಾವಿ ಬತ್ತಿತು, ಕೆರೆ ಬತ್ತಿತು, ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿಕೊಂಡು ನಾವು ಬೆಳೆದೆವು. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆಯ ನೀರು ಬಂತು, 2021ರ ಮಳೆಗೆ ಎಷ್ಟೋ ಕೆರೆ ಕೋಡಿ ಹರಿದವು. ನೀರು ವಾಪಸ್ ಬಂತು, ಈಜು ಬರಲಿಲ್ಲ. ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಎಂಟು ವರ್ಷದ ಮಕ್ಕಳ ಜೊತೆ ಸಾಲಲ್ಲಿ ನಿಂತು.

ಮೊದಲಿಗೆ, ಕೆರೆಯಲ್ಲಿ ಕಲಿಯೋದು ಬೇಡ. ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅಂತರ್ಜಲ ಏರಲಿ ಅಂತ ಬಿಟ್ಟದ್ದು, ಸ್ನಾನಕ್ಕಲ್ಲ. ಇನ್ನೂ ದೊಡ್ಡ ಅಪಾಯ ತಳದಲ್ಲಿದೆ. ಕೆರೆ ಒಣಗಿದ್ದಾಗ ಮಣ್ಣು ತೋಡಿದ ಗುಂಡಿಗಳೆಲ್ಲ ಈಗ ನೀರಿನಡಿ ಇವೆ, ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಗೆ ನೆಲವೇ ಸಿಗುವುದಿಲ್ಲ. ತೂಬಿನ ಹತ್ತಿರವಂತೂ ಹೋಗಲೇಬೇಡಿ.

ಲೈಫ್‌ಗಾರ್ಡ್ ಇರುವ ಈಜುಕೊಳ ಹುಡುಕಿ, ಎದೆಮಟ್ಟದ ನೀರಲ್ಲಿ ನಿಲ್ಲಿ. ಶುರುವಿನಲ್ಲಿ ಕೈಕಾಲು ಬಡಿಯುವ ಅವಸರ ಬೇಡ. ಗೋಡೆ ಹಿಡಿದು ಮುಖ ಮುಳುಗಿಸಿ, ಗುಳುಗುಳು ಅಂತ ಉಸಿರು ಬಿಡಿ. ಇದು ಸಲೀಸಾದ ಮೇಲೆ, ಯಾರಾದರೂ ಬೆನ್ನಿಗೆ ಕೈಕೊಟ್ಟಿರುವಾಗ ಅಂಗಾತ ಮಲಗಿ. ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಚಾಚಿ, ಹೊಟ್ಟೆ ಮೇಲೆತ್ತಿ, ಎದೆ ತುಂಬ ಉಸಿರು ಎಳೆದುಕೊಳ್ಳಿ. ಗಾಳಿ ತುಂಬಿದ ಎದೆಯೇ ನಿಮ್ಮ ಸೋರೆ ಬುರುಡೆ. ಕಾಲು ಸ್ವಲ್ಪ ಇಳಿದರೆ ಇಳಿಯಲಿ, ಮೂಗು ಬಾಯಿ ಮೇಲಿದ್ದರೆ ಸಾಕು. ಏನಾಯ್ತು ಅಂತ ತಲೆ ಎತ್ತಿ ನೋಡಿದಿರೋ, ಮುಳುಗಿದಿರಿ! ಎರಡು ನಿಮಿಷ ಹೀಗೆ ತೇಲಲು ಬಂದರೆ ಉಳಿದ ಈಜು ನಿಧಾನಕ್ಕೆ ಬರುತ್ತದೆ.

ಕೃಷಿ ಹೊಂಡದ ಮಾತೇ ಬೇರೆ. ಪೈಪಿನ ಬಾಯಿಗೆ ಕಟ್ಟಿಕೊಂಡ ಪಾಚಿ ತೆಗೆಯಲು ಬಗ್ಗಿ ನಾನೇ ಒಮ್ಮೆ ಜಾರಿ ಬಿದ್ದೆ. ಈಜು ಬರುತ್ತಿತ್ತು, ಹತ್ತಲು ಬರಲಿಲ್ಲ. ಇಳಿಜಾರಿನ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಲೋಳೆ, ಹತ್ತಿದಷ್ಟೂ ಜಾರುತ್ತಿದ್ದೆ, ಉಗುರಿಗೂ ಹಿಡಿತ ಸಿಗಲಿಲ್ಲ. ಕೊನೆಗೆ ಅದೇ ಪೈಪು ಹಿಡಿದು ಮೇಲೆ ಬಂದೆ. ಅವತ್ತೇ ಸಂಜೆ ಗೂಟ ಹೊಡೆದು ನಾಲ್ಕೂ ಕಡೆ ಹಗ್ಗ ಇಳಿಬಿಟ್ಟೆ, ಮೊಳಕ್ಕೊಂದು ಗಂಟು. ಹಗ್ಗದ ತುದಿ ತಳ ಮುಟ್ಟಬೇಕು, ಇಲ್ಲದಿದ್ದರೆ ನೀರು ಕಡಿಮೆಯಾದಾಗ ಕೈಗೆ ಸಿಗುವುದಿಲ್ಲ. ಸುತ್ತ ಬೇಲಿಯೂ ಇರಲಿ.

ಇನ್ನು, ಯಾರಾದರೂ ಮುಳುಗುತ್ತಿದ್ದರೆ? ಕಿರುಚುತ್ತಾರೆ ಅಂತ ಕಾಯಬೇಡಿ. ಬಾಯಿ ನೀರಿನ ಮಟ್ಟಕ್ಕಿರುವಾಗ ಕೂಗಲು ಉಸಿರೆಲ್ಲಿ? ಸುಮ್ನೆ ಹಾರಲೂಬೇಡಿ, ಮುಳುಗುವವರು ಕೈಗೆ ಸಿಕ್ಕಿದ್ದನ್ನು ತಬ್ಬಿಕೊಳ್ಳುತ್ತಾರೆ, ಇಬ್ಬರೂ ಮುಳುಗುತ್ತೀರಿ. ದಡದಲ್ಲಿ ಬೋರಲು ಮಲಗಿ ಗಳ, ಪಂಚೆ, ಸೀರೆ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ.

ಮೇಲೆ ತಂದ ಮೇಲೆ ಹೊಟ್ಟೆ ಅಮುಕುವುದು, ತಲೆ ಮೇಲೆ ಹೊತ್ತು ಗಿರಗಿರ ತಿರುಗಿಸುವುದು ಎರಡೂ ತಪ್ಪು, ಹೊತ್ತು ಹಾಳು. ಉಸಿರಾಟ ಇಲ್ಲದಿದ್ದರೆ ಮೂಗು ಮುಚ್ಚಿ ಮೊದಲು ಬಾಯಿಗೆ ಬಾಯಿಟ್ಟು ಗಾಳಿ ಊದಿ. ಆಮೇಲೆ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ, 2 ಸಲ ಊದಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ‘ನಂಗೇನೂ ಆಗಿಲ್ಲ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆ ಬಿಟ್ಟು ಉಸಿರು ಕಟ್ಟಬಹುದು.