ಹಳೇ ಕ್ಯಾಸೆಟ್ ವಿಡಿಯೋ ಗೇಮಿಗೆ ನಮ್ಮದೇ ಒಂದು ಹರಿಗೋಲಿನ ಆಟ

ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಹಳೇ ಮನೆಗಳ ಅಟ್ಟ ಹತ್ತಿ ಹುಡುಕಿದರೆ ಇವತ್ತಿಗೂ ಒಂದು ಕ್ಯಾಸೆಟ್ ವಿಡಿಯೋ ಗೇಮ್ ಸಿಗಬಹುದು. ಮಾರಿಯೋ, ಕಾಂಟ್ರಾ ಎಲ್ಲ ಆಡಿದ್ದು ಅದರಲ್ಲೇ ಅಲ್ವಾ? ಆ ಡಬ್ಬಿಗೆ ಹೊಸ ಆಟಗಳು ಈಗಲೂ ಬರುತ್ತಿವೆ. ದೊಡ್ಡ ಕಂಪನಿಗಳಿಂದ ಅಲ್ಲ, ಮನೆಯಲ್ಲಿ ಕೂತು ಪ್ರೀತಿಯಿಂದ ಬರೆಯುವವರಿಂದ. ಇವಕ್ಕೆ ಹೋಮ್‌ಬ್ರೂ ಅಂತಾರೆ. ಸುಮ್ನೆ ಡೌನ್‌ಲೋಡ್ ಮಾಡಿ ಕೂಡಿಡುವುದರಲ್ಲೇ ನಿಲ್ಲಬೇಡಿ. ನಾಲ್ಕು ಒಳ್ಳೆ ಆಟ ಆಡಿ, ಆಮೇಲೆ ಒಂದನ್ನು ನೀವೇ ಮಾಡಿ. ಅದರಲ್ಲಿ ನಮ್ಮ ಹೊಳೆ ಇರಲಿ, ಕನ್ನಡ ಅಕ್ಷರ ಇರಲಿ.

ಮೊದಲು ಡಬ್ಬಿಯ ವಿಷಯ. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೋ ಬಿಟ್ಟ ಫ್ಯಾಮಿಕಾಮ್ ಇದರ ಮೂಲ. ಹೊರದೇಶಗಳಲ್ಲಿ ಅದನ್ನೇ ರೂಪ ಬದಲಿಸಿ ಎನ್‌ಇಎಸ್ ಅಂತ ಮಾರಿದರು. ನಮ್ಮ ಪೇಟೆಗೆ ಬಂದಿದ್ದು ಹೆಚ್ಚಾಗಿ ಫ್ಯಾಮಿಕಾಮಿನ ನಕಲುಗಳು. ನಮ್ಮ ಕ್ಯಾಸೆಟ್ಟಿಗೆ 60 ಪಿನ್, ಅಮೆರಿಕದ ಎನ್‌ಇಎಸ್ ಕ್ಯಾಸೆಟ್ಟಿಗೆ 72 ಪಿನ್. ಹೊರಗಿಂದ ಹೋಮ್‌ಬ್ರೂ ಕ್ಯಾಸೆಟ್ ತರಿಸುವ ಮುಂಚೆ ಇದನ್ನು ನೋಡಿಕೊಳ್ಳಿ, ಇಲ್ಲಾಂದ್ರೆ ಅಡಾಪ್ಟರ್ ಬೇಕಾಗುತ್ತದೆ. ಒಂದು ಖುಷಿಯ ವಿಷಯ ಅಂದರೆ ಕಂಪನಿ ಒಪ್ಪದ ಕ್ಯಾಸೆಟ್ ತಡೆಯಲು ಎನ್‌ಇಎಸ್‌ನಲ್ಲಿದ್ದ ಬೀಗದ ಚಿಪ್ ಫ್ಯಾಮಿಕಾಮಿನಲ್ಲಿ ಇರಲೇ ಇಲ್ಲ. ನಾವು ಮಾಡಿದ ಕ್ಯಾಸೆಟ್ ಹಾಕೋಕೆ ಯಾರ ಅನುಮತಿಯೂ ಬೇಡ.

ಡಬ್ಬಿ ಸಿಕ್ಕ ಕೂಡಲೇ ಕರೆಂಟ್ ಕೊಡಬೇಡಿ. ಅಡಾಪ್ಟರ್ ಮೇಲಿನ ವೋಲ್ಟೇಜ್ ಮತ್ತು ಪ್ಲಸ್ ಮೈನಸ್ ಗುರುತು ಡಬ್ಬಿಯ ಮೇಲಿನ ಗುರುತಿಗೆ ಸರಿಹೊಂದುತ್ತಾ ನೋಡಿ. ಉಲ್ಟಾ ಆದರೆ ಸುಟ್ಟೇ ಹೋಗಬಹುದು. ಕ್ಯಾಸೆಟ್ಟಿನ ಬಾಯಿಗೆ ಊದುವ ಅಭ್ಯಾಸ ಬಿಡಿ, ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಸಂಡೂರು ಕಡೆಯ ಕೆಂಪು ಧೂಳು ಊದಿದರೆ ಹೋಗುವಂಥದ್ದೂ ಅಲ್ಲ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಐಸೋಪ್ರೊಪೈಲ್ ಆಲ್ಕೊಹಾಲ್ ಇರುತ್ತದೆ. ಹತ್ತಿಗೆ ಸ್ವಲ್ಪ ಹಾಕಿ ಒರೆಸಿ, ಒಣಗಲು ಬಿಡಿ. ಹೊಸ ಟಿವಿಯಲ್ಲಿ ಆಂಟೆನಾ ತಂತಿಯ ಗೋಜು ಬೇಡ, ಹಳದಿ ಎವಿ ಪಿನ್ ಬಳಸಿ.

ಇನ್ನು ಆಟ ಕೂಡಿಡುವುದು. ಇಚ್.ಐಒ ತಾಣದಲ್ಲಿ ಹುಡುಕಿದರೆ ಉಚಿತವಾದವೂ ದುಡ್ಡು ಕೊಟ್ಟು ಕೊಳ್ಳುವವೂ ರಾಶಿ ರಾಶಿ ಸಿಗುತ್ತವೆ. 2019ರ ಮೈಕ್ರೋ ಮೇಜಸ್ ಮೊದಲು ಆಡಿ. ಬರೀ 40 ಕಿಲೋಬೈಟಿನಲ್ಲಿ ನಾಲ್ಕು ಜನ ಒಟ್ಟಿಗೆ ಆಡುವ ಆಟ ಕೂರಿಸಿದ್ದಾರೆ. ನೋವಾ ದ ಸ್ಕ್ವಿರಲ್ ಆಟದ ಪೂರ್ತಿ ಸೋರ್ಸ್ ಕೋಡ್ ಹೊರಗಿದೆ, ಕಲಿಯೋಕೆ ಬೇಕಾದಷ್ಟು ಸಿಗುತ್ತದೆ. ರಾಮ್ (ROM, ಅಂದರೆ ಆಟವಿರುವ) ಫೈಲಿನ ಜೊತೆಗೆ ಅದರ ಆವೃತ್ತಿ, ಕೈಪಿಡಿ, ಲೈಸೆನ್ಸ್ ಮೂರನ್ನೂ ಒಂದೇ ಫೋಲ್ಡರಿನಲ್ಲಿಡಿ. ಮಾಡಿದವರಿಗೆ ಗೊತ್ತಿಲ್ಲದ ಹಾಗೆ ಅವರ ಆಟವನ್ನು ಕ್ಯಾಸೆಟ್ಟಿಗೆ ತುಂಬಿ ಮಾರುವವರು ಇದ್ದಾರೆ, ಅಂಥವರ ಹತ್ತಿರ ದಯವಿಟ್ಟು ಕೊಳ್ಳಬೇಡಿ. ಆ ದುಡ್ಡು ಮಾಡಿದವರಿಗೆ ಸೇರಬೇಕು.

ಈಗ ಮಾಡುವ ಕೆಲಸಕ್ಕೆ ಬರೋಣ. ಡಬ್ಬಿಯೊಳಗೆ ಇರೋದು 6502 ಜಾತಿಯ ಪ್ರೊಸೆಸರ್, ವೇಗ ಸುಮಾರು 1.8 ಮೆಗಾಹರ್ಟ್ಸ್, ಕೆಲಸಕ್ಕೆ ಸಿಗುವ ಮೆಮೊರಿ 2 ಕಿಲೋಬೈಟ್. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶಕ್ಕೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲೂ 6502 ಇತ್ತು, ಹಾಗಾಗಿ ಇಲ್ಲಿ ಕಲಿತದ್ದು ಬೇರೆ ಹಳೇ ಕಂಪ್ಯೂಟರ್‌ಗಳಿಗೂ ಆಗುತ್ತದೆ. ಸಿ ಭಾಷೆ ಸ್ವಲ್ಪ ಬಂದರೆ ಸಿಸಿ65 ಕಂಪೈಲರ್ (ನಿಮ್ಮ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಮತ್ತು ನೆಸ್‌ಲಿಬ್ ಲೈಬ್ರರಿ ಸಾಕು. ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಶುರು ಮಾಡಬೇಕಾದರೆ 8ಬಿಟ್‌ವರ್ಕ್‌ಶಾಪ್ ಇದೆ. ಸಂಗೀತಕ್ಕೆ ಫಾಮಿಸ್ಟುಡಿಯೋ, ಪರೀಕ್ಷೆಗೆ ಮೆಸೆನ್ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ಈ ಡಬ್ಬಿಯಂತೆ ನಡೆಯುವ ತಂತ್ರಾಂಶ. ಕೋಡ್ ಬರೆಯೋದೇ ಬೇಡ ಅನ್ನುವವರು ಜಿಬಿ ಸ್ಟುಡಿಯೋದಲ್ಲಿ ಗೇಮ್ ಬಾಯ್ ಆಟ ಮಾಡಬಹುದು, ಅದೂ ಚೆನ್ನಾಗಿದೆ.

ಮೊದಲ ಆಟಕ್ಕೆ ನನ್ನ ಸಲಹೆ ಆನೆಗೊಂದಿಯ ಹರಿಗೋಲು. ತುಂಗಭದ್ರೆಯ ಬಂಡೆಗಳ ನಡುವೆ ಹುಟ್ಟು ಹಾಕಿಕೊಂಡು ಆಚೆ ದಡ ಸೇರಬೇಕು, ಅಷ್ಟೇ ಆಟ. ಊರಿನ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಈ ಯಂತ್ರಕ್ಕೆ ಹರಿಗೋಲು ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ.

ಚಿತ್ರವೆಲ್ಲ 8 ಗುಣಿಸು 8 ಚುಕ್ಕೆಯ (ಪಿಕ್ಸೆಲ್) ತುಂಡುಗಳಲ್ಲಿ ಇರುತ್ತದೆ. ಪ್ರತಿ ತುಂಡಿಗೆ 16 ಬೈಟ್. ಹಿನ್ನೆಲೆಯ ಮೇಲೆ ಓಡಾಡುವ ಚಿತ್ರಕ್ಕೆ ಸ್ಪ್ರೈಟ್ ಅಂತಾರೆ; ಅದರ ತುಂಡಿನಲ್ಲಿ 3 ಬಣ್ಣ, ಉಳಿದದ್ದು ಪಾರದರ್ಶಕ. ಹರಿಗೋಲು ದುಂಡಗಿದೆ, ಅದಕ್ಕೇ ಕಾಲು ಭಾಗ ಮಾತ್ರ ಬರೆದರೆ ಸಾಕು. ಸ್ಪ್ರೈಟನ್ನು ಅಡ್ಡ ತಿರುಗಿಸೋದು, ತಲೆಕೆಳಗೆ ಮಾಡೋದು ಯಂತ್ರವೇ ಮಾಡಿಕೊಡುತ್ತದೆ. ಸ್ಪ್ರೈಟಿನ ಗುಣದ ಬೈಟಿಗೆ 64 ಸೇರಿಸಿದರೆ ಎಡಬಲ ಬದಲು, 128 ಸೇರಿಸಿದರೆ ಮೇಲೆ ಕೆಳಗೆ ಬದಲು. ಮೇಲಿನ ಎಡ ಮೂಲೆಯ ಒಂದೇ ತುಂಡನ್ನು 0, 64, 128, 192 ಅಂತ ನಾಲ್ಕು ಸಲ ಜೋಡಿಸಿ, 16 ಚುಕ್ಕೆ ಅಗಲದ ಪೂರ್ತಿ ಹರಿಗೋಲು ಬಂತು. ಬಿದಿರಿನ ಹೆಣಿಗೆಯ ಗೆರೆಗಳನ್ನು ಸ್ವಲ್ಪ ಸರಿಸಿ ಇನ್ನೊಂದು ತುಂಡು ಬರೆದು ಎರಡನ್ನೂ ಅದಲು ಬದಲು ತೋರಿಸಿದರೆ ಗಿರ್ರನೆ ತಿರುಗಿದಂತೆ ಕಾಣುತ್ತದೆ. ಬಣ್ಣಕ್ಕೆ ಕಿನ್ನಾಳದ ಗೊಂಬೆಗಳನ್ನು ನೋಡಿ. ಕೆಲವೇ ಗಾಢ ಬಣ್ಣ ಪಕ್ಕಪಕ್ಕ ಇಟ್ಟು ಎಷ್ಟು ಹೇಳಬಹುದು ಅನ್ನೋದು ಅಲ್ಲಿ ಕಲಿಯಬೇಕು.

ಬಂಡೆಗಳನ್ನು ಸ್ಪ್ರೈಟಿನಲ್ಲಿ ಮಾಡಬೇಡಿ. ಪರದೆಯ ಮೇಲೆ ಒಟ್ಟು 64 ಸ್ಪ್ರೈಟ್ ಇರಬಹುದು, ಆದರೆ ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಜಾಸ್ತಿ ಬಂದರೆ ಹೆಚ್ಚಿನವು ಮಾಯ. ಒಂದು ಹರಿಗೋಲಿಗೆ 2, ಹುಟ್ಟಿಗೆ 1, ಅಂದರೆ ಒಂದೇ ಸಾಲಿನಲ್ಲಿ ಎರಡು ಹರಿಗೋಲು ಬಂದಾಗಲೇ 6 ಮುಗಿಯಿತು. ಬಂಡೆ, ದಡ, ನೀರು ಎಲ್ಲವನ್ನೂ ಹಿನ್ನೆಲೆಯಲ್ಲೇ ಬರೆಯಿರಿ. ಅಲ್ಲಿ 32 ಗುಣಿಸು 30 ತುಂಡುಗಳ ಜಾಗ ಇದೆ. ನೀರಿನ ಮೂರು ನೀಲಿಗಳನ್ನು ಕೆಲವು ಫ್ರೇಮಿಗೊಮ್ಮೆ (ಪರದೆ ಒಂದು ಸಲ ಎಳೆದರೆ ಒಂದು ಫ್ರೇಮ್) ಸುತ್ತಿಸಿ, ಹೊಳೆ ಹರಿಯುವಂತೆ ಕಾಣುತ್ತದೆ. ಆದರೆ ಬಣ್ಣ ಬದಲಿಸೋದು, ಹಿನ್ನೆಲೆಗೆ ಬರೆಯೋದು ಪರದೆ ಎಳೆದು ಮುಗಿದ ಮೇಲಿನ ಸಣ್ಣ ಬಿಡುವಿನಲ್ಲೇ ಆಗಬೇಕು. ನಡುವೆ ಕೈ ಹಾಕಿದರೆ ಚಿತ್ರ ಕೆಡುತ್ತದೆ.

ಸೆಳವಿಗೆ ಹರಿಗೋಲಿನ ಜಾಗದ ಲೆಕ್ಕವನ್ನು 16 ಬಿಟ್ಟಿನಲ್ಲಿಡಿ. ಮೇಲಿನ ಬೈಟ್ ಚುಕ್ಕೆ, ಕೆಳಗಿನ ಬೈಟ್ ಚುಕ್ಕೆಯ 256ನೇ ಭಾಗಗಳು. ಪ್ರತಿ ಫ್ರೇಮಿಗೆ 64 ಕೂಡಿಸಿದರೆ ಕಾಲು ಚುಕ್ಕೆ ಸರಿಯುತ್ತದೆ. ನಮ್ಮ ಕಡೆಯ ಪಾಲ್ (ನಮ್ಮ ಟಿವಿಗಳ ಪದ್ಧತಿ) ಡಬ್ಬಿಗಳಲ್ಲಿ ಸೆಕೆಂಡಿಗೆ 50 ಫ್ರೇಮ್, ಹಾಗಾಗಿ 240 ಚುಕ್ಕೆಯ ಪರದೆ ದಾಟಲು ಸುಮಾರು 19 ಸೆಕೆಂಡ್. ಬೇಸಿಗೆ ಹೊಳೆಗೆ ಇದು ಸರಿ. ಹಂತಗಳನ್ನು ಏರಿಸೋದು ಹೇಗೆ? ಟಿಬಿ (ತುಂಗಭದ್ರಾ) ಡ್ಯಾಮಿಗೆ 33 ಕ್ರೆಸ್ಟ್ ಗೇಟ್ ಇವೆ. ಒಂದೊಂದು ಹಂತಕ್ಕೆ ಒಂದೊಂದು ಗೇಟ್ ತೆಗೆಯಿರಿ, ಮೊದಲ ಗೇಟಿಗೆ ಆ 64 ಇರಲಿ, ಆಮೇಲಿನ ಪ್ರತಿ ಗೇಟಿಗೆ ಸೆಳವಿಗೆ 8 ಕೂಡಿಸಿ. 33ನೇ ಹಂತಕ್ಕೆ 320 ಆಗುತ್ತದೆ, ಅದೇ ಪರದೆ 4 ಸೆಕೆಂಡಿನೊಳಗೆ ದಾಟಿಹೋಗುತ್ತದೆ. ನದಿ ಕಂಡವರಿಗೆ ಈ ಏರಿಕೆ ಹೇಳಿಕೊಡಬೇಕಾಗಿಯೇ ಇಲ್ಲ.

ಕೋಡಿನಲ್ಲಿ ಒಂದೆರಡು ಶಿಸ್ತು. 6502ಗೆ ಗುಣಾಕಾರ, ಭಾಗಾಕಾರದ ಆದೇಶವೇ ಇಲ್ಲ, ಅದಕ್ಕೆ 8ರಿಂದ ಭಾಗಿಸುವ ಕಡೆ ಮೂರು ಬಿಟ್ ಬಲಕ್ಕೆ ತಳ್ಳಿ. ಡಿಕ್ಕಿ ನೋಡೋದೂ ಹೀಗೇ: ಹರಿಗೋಲಿನ ಚುಕ್ಕೆಯನ್ನು ಮೂರು ಬಿಟ್ ತಳ್ಳಿದರೆ ಅದು ಯಾವ ತುಂಡಿನ ಮೇಲಿದೆ ಅಂತ ಗೊತ್ತಾಗುತ್ತದೆ, ಆ ತುಂಡು ಬಂಡೆಯಾ ನೀರಾ ನೋಡಿ. ಆದಷ್ಟು 8 ಬಿಟ್ಟಿನ, ಚಿಹ್ನೆಯಿಲ್ಲದ, ಗ್ಲೋಬಲ್ ಚರಗಳನ್ನೇ ಬಳಸಿ. ಕಾಲೇಜಿನಲ್ಲಿ ಗ್ಲೋಬಲ್ ಬೇಡ ಅಂತ ಕಲಿಸಿರುತ್ತಾರೆ, ಈ ಯಂತ್ರದಲ್ಲಿ ಅದೇ ವೇಗ.

ಕನ್ನಡ ಅಕ್ಷರ ಜನ ಹೆದರುವ ಜಾಗ. ಹೆದರಬೇಡಿ. ಪೂರ್ತಿ ಕನ್ನಡ ಫಾಂಟ್ ಮಾಡಲು ಹೋಗಬೇಡಿ, ಹಿನ್ನೆಲೆಗೆ ಒಟ್ಟು ಸಿಗೋದೇ 256 ಬೇರೆ ಬೇರೆ ತುಂಡು. ಬೇಕಾದ ಪದವನ್ನೇ ಚಿತ್ರದ ಹಾಗೆ ಬರೆಯಿರಿ. 8 ಚುಕ್ಕೆ ಎತ್ತರದಲ್ಲಿ ಗುಣಿತಾಕ್ಷರ ಓದೋಕಾಗಲ್ಲ, 16 ಬೇಕು. ಒತ್ತಕ್ಷರ ಬಂದರೆ ಕೆಳಗೆ ಇನ್ನೂ 8. ಅದಕ್ಕೇ ಒತ್ತಿಲ್ಲದ ಪದ ಆರಿಸಿ: 'ಪ್ರಾರಂಭ' ಬೇಡ, 'ಶುರು' ಸಾಕು. ಸೋತಾಗ 'ಆಟ ಮುಗೀತು'. 'ಹರಿಗೋಲು' ಅನ್ನೋ ಹೆಸರು 8 ತುಂಡು ಅಗಲ, 2 ತುಂಡು ಎತ್ತರದಲ್ಲಿ ಚೆಂದ ಕೂರುತ್ತದೆ. ಅಂಕಿಗಳು ಮಾತ್ರ ಒಂದೊಂದು ತುಂಡಿನಲ್ಲೇ ಹಿಡಿಯುತ್ತವೆ, ೬ ಮತ್ತು ೯ ಒಂದೇ ತರ ಕಾಣದ ಹಾಗೆ ಬಾಲ ಎಳೆಯಿರಿ.

ಫೈಲ್ ತಯಾರಾದ ಮೇಲೆ ಅದರ ಗಾತ್ರ ನೋಡಿ. ಪ್ರೋಗ್ರಾಮಿಗೆ 32 ಕಿಲೋಬೈಟ್, ಚಿತ್ರಕ್ಕೆ 8, ತಲೆಯಲ್ಲಿ (ಹೆಡರ್, ಫೈಲಿನ ಶುರುವಿನ ವಿವರ) 16 ಬೈಟ್, ಒಟ್ಟು 40,976 ಬೈಟ್ ಇರಬೇಕು. ಮೆಸೆನ್‌ನಲ್ಲಿ ರೀಜನ್ ಅನ್ನು ಡೆಂಡಿ (ರಷ್ಯಾದಲ್ಲಿ ಮಾರಿದ ಫ್ಯಾಮಿಕಾಮ್ ನಕಲು) ಅಂತ ಇಟ್ಟೂ ಒಮ್ಮೆ ಆಡಿ, ಪಾಲ್ ನಕಲು ಡಬ್ಬಿಗಳಲ್ಲಿ ಬಹಳಷ್ಟು ಆ ಲೆಕ್ಕದಲ್ಲೇ ಓಡುತ್ತವೆ. 60 ಫ್ರೇಮಿಗೆ ಬರೆದ ಸಂಗೀತ 50ರಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ, ಕೇಳಿ ಸರಿಮಾಡಿ.

ನಿಜವಾದ ಡಬ್ಬಿಯಲ್ಲಿ ಓಡಿಸಲು ಸುಲಭದ ದಾರಿ ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ಕ್ಯಾಸೆಟ್ ಆದ ಎವರ್‌ಡ್ರೈವ್ ಎನ್8, ಅದರಲ್ಲಿ ಫ್ಯಾಮಿಕಾಮಿನ 60 ಪಿನ್ ಮಾದರಿ. ಬೆಲೆ ಜಾಸ್ತಿ, ಕೆಲವು ಅಗ್ಗದ ನಕಲು ಡಬ್ಬಿಗಳಿಗೆ ಹೊಂದುವುದೂ ಇಲ್ಲ, ಮಾರುವವರನ್ನು ಕೇಳಿಯೇ ಕೊಳ್ಳಿ. ಇನ್ನೊಂದು ದಾರಿ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್) ಹಾಕಲೆಂದೇ ಮಾಡಿದ ಖಾಲಿ ಬೋರ್ಡ್ ತಂದು, 27ಸಿ256 ಚಿಪ್ಪಿಗೆ ಪ್ರೋಗ್ರಾಮ್, 27ಸಿ64ಗೆ ಚಿತ್ರ ಸುಡುವುದು, ಅಂದರೆ ಚಿಪ್ಪಿಗೆ ಬರೆಯುವುದು. ಸುಡುವಾಗ ತಲೆಯ 16 ಬೈಟ್ ಬಿಟ್ಟು ಉಳಿದದ್ದನ್ನು ಎರಡಾಗಿ ಕತ್ತರಿಸಬೇಕು. ಚಿಪ್ಪಿನ ಗಾಜಿನ ಕಿಟಕಿಗೆ ಬೆಳಕು ಹೋಗದಂಥ ಸ್ಟಿಕ್ಕರ್ ಹಚ್ಚಿ, ಅಳಿಸೋದು ಯುವಿ ಬೆಳಕಿನಿಂದಲೇ. ಹಳೇ ಬಹು-ಆಟದ ಕ್ಯಾಸೆಟ್ ಒಡೆದರೆ ಒಳಗೆ ಸಿಗೋದು ಹೆಚ್ಚಾಗಿ ಕಪ್ಪು ಅಂಟಿನ ಉಂಡೆ. ಅದರಲ್ಲಿ ಚಿಪ್ ಬದಲಿಸೋಕಾಗಲ್ಲ, ಆದರೆ ಪ್ಲಾಸ್ಟಿಕ್ ಕವಚ ನಿಮ್ಮ ಹೊಸ ಬೋರ್ಡಿಗೆ ಸರಿಹೊಂದಬಹುದು, ಅಳತೆ ನೋಡಿ ತೆಗೆದಿಡಿ.